ಸ್ಕ್ರೀನಿನ ಸೈಡ್ ಪ್ಲೇಟಿಗೆ ಏನನ್ನೂ ವೆಲ್ಡ್ ಮಾಡಬೇಡಿ

ಜೆಲ್ಲಿ ಕ್ರಷರ್ ನಡೆಸುವವರು, ಅವರಿಗೆ ಫ್ಯಾಬ್ರಿಕೇಶನ್ ಮಾಡಿಕೊಡುವವರು ದಯವಿಟ್ಟು ಓದಿ. ನಾವು ಕಟ್ಟಿಕೊಟ್ಟ ವೈಬ್ರೇಟಿಂಗ್ ಸ್ಕ್ರೀನಿನ (ಅಲುಗಾಡಿ ಜೆಲ್ಲಿ ಜರಡಿ ಹಿಡಿಯುವ ಯಂತ್ರದ) ಸೈಡ್ ಪ್ಲೇಟು ಹನ್ನೊಂದೇ ದಿನಕ್ಕೆ ಬಿರುಕು ಬಿಟ್ಟಿತು. ಬಿರುಕು ಎದ್ದದ್ದು, ಧೂಳಿಗೆ ನೀರು ಚಿಮುಕಿಸುವ ಪೈಪಿಗೆಂದು ಸೈಟಿನಲ್ಲೇ ವೆಲ್ಡ್ ಮಾಡಿದ ಹತ್ತು ಸೆಂಟಿಮೀಟರ್ ಪಟ್ಟಿಯ ತುದಿಯಲ್ಲಿ.

ಪಟ್ಟಿ ಹಾಕಬಹುದೇ ಎಂದು ಮೊದಲೇ ಕನ್ಸಲ್ಟೆಂಟರನ್ನು ಕೇಳಿದ್ದೆ. ‘ಅಲ್ಲಿ ಸ್ಟ್ರೆಸ್ 35 ಮೆಗಾಪಾಸ್ಕಲ್, ಪ್ಲೇಟಿನ ಯೀಲ್ಡ್ (ಶಾಶ್ವತವಾಗಿ ಬಾಗಲು ಶುರುವಾಗುವ ಮಿತಿ) 350. ಹತ್ತು ಪಟ್ಟು ಸೇಫ್, ಹಾಕಿ’ ಅಂದರು. ನಂಬಿದೆ. ಫಟೀಗ್‌ಗೆ, ಅಂದರೆ ಮತ್ತೆ ಮತ್ತೆ ಜಗ್ಗಿ ಅದುಮಿ ಲೋಹ ದಣಿಯುವುದಕ್ಕೆ, ಆ ಹೋಲಿಕೆಯೇ ತಪ್ಪು. ಸ್ಕ್ರೀನು ಅಲುಗುವಾಗ ಅದೇ ಜಾಗ ಒಮ್ಮೆ 35ರಷ್ಟು ಜಗ್ಗುತ್ತದೆ, ಮರುಕ್ಷಣ 35ರಷ್ಟು ಅದುಮಿಕೊಳ್ಳುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಈ 70ರ ಅಂತರ. ಇಂಥ ಪಟ್ಟಿಯ ತುದಿಗೆ ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆ ಕೊಟ್ಟ ದರ್ಜೆ ಫ್ಯಾಟ್ 71. ಅಂದರೆ 71ರ ಅಂತರವನ್ನು 20 ಲಕ್ಷ ಸಲ ತಡೆಯುವ ಭರವಸೆ. ನಮ್ಮ ಸ್ಕ್ರೀನು ನಿಮಿಷಕ್ಕೆ 900 ಸುತ್ತು, ಗಂಟೆಗೆ 54,000. ಆ ಭರವಸೆ 40 ಗಂಟೆಯೊಳಗೇ ಮುಗಿದುಹೋಗಿತ್ತು! ದುಬಾರಿ ಉಕ್ಕು ಹಾಕಿಸಿದ್ದೂ ದಂಡ. ವೆಲ್ಡ್ ಆದಮೇಲೆ ಮೆತ್ತನೆ ಉಕ್ಕಿಗೂ ಗಟ್ಟಿ ಉಕ್ಕಿಗೂ ಇದೇ ದರ್ಜೆ.

ಆಮೇಲೆ ಇನ್ನೊಂದು ತಪ್ಪು ಮಾಡಿದೆವು. ಬಿರುಕನ್ನು ಗ್ರೈಂಡ್ ಮಾಡಿ ತುಂಬಿ, ಮೇಲೆ ತೇಪೆ ಪ್ಲೇಟು ಕೂರಿಸಿದೆವು. ವಾರದೊಳಗೆ ತೇಪೆಯ ಅಂಚಿನಲ್ಲೇ ಸೀಳಿತು. ಕನ್ಸಲ್ಟೆಂಟರು ಕಂಪ್ಯೂಟರಿನಲ್ಲಿ ಮೆಶ್ (ಲೆಕ್ಕಕ್ಕೆಂದು ಪ್ಲೇಟನ್ನು ಚೂರಾಗಿಸುವ ಜಾಲ) ಸಣ್ಣದು ಮಾಡಿ ಮಾಡಿ ಲೆಕ್ಕ ಹಾಕಿದರು. ಪ್ರತಿ ಸಲ ಸ್ಟ್ರೆಸ್ ಹೆಚ್ಚು ಬಂತು. ವೆಲ್ಡಿನ ಅಂಚಿನಲ್ಲೇ ಓದಿದರೆ ಅದು ಏರುತ್ತಲೇ ಇರುತ್ತದೆ. ಹಾಟ್ ಸ್ಪಾಟ್ ವಿಧಾನದಲ್ಲಿ ಅಂಚಿನಿಂದ ಪ್ಲೇಟಿನ ದಪ್ಪದ 0.4ರಷ್ಟು ಮತ್ತು 1ರಷ್ಟು ದೂರದಲ್ಲಿ ಓದಿ, ಅಲ್ಲಿಂದ ಅಂಚಿಗೆ ಗೆರೆ ಎಳೆಯಬೇಕು. ಹಾಗೆ ಸಿಕ್ಕಿದ್ದನ್ನು ಇಂಥ ಪಟ್ಟಿಗೆ ಫ್ಯಾಟ್ 100ರ ಜೊತೆ ಹೋಲಿಸಬೇಕು, 71ರ ಜೊತೆಯಲ್ಲ; 71 ಇರುವುದು ಪಟ್ಟಿಯ ಪರಿಣಾಮ ಸೇರದ ಮಾಮೂಲಿ ಸ್ಟ್ರೆಸ್ಸಿಗೆ. ಅಂಚಿನಿಂದಲ್ಲದೆ ವೆಲ್ಡಿನ ಒಳಬುಡದಿಂದ (ರೂಟ್) ಏಳುವ ಬಿರುಕಿಗೆ ಈ ವಿಧಾನ ನಡೆಯುವುದಿಲ್ಲ.

1980ರಲ್ಲಿ ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲಾಂಡ್ ಎಂಬ, ತೈಲ ಕೆಲಸಗಾರರು ತಂಗುತ್ತಿದ್ದ ತೇಲುವ ಕಟ್ಟೆ ಮಗುಚಿ 123 ಜನ ಸತ್ತರು. ಅಲ್ಲೂ ಬಿರುಕಿಗೆ ಮೂಲ, ಒಂದು ಉಪಕರಣದ ಆಸರೆಯನ್ನು ಕೂರಿಸಿದ್ದ 6 ಮಿ.ಮೀ. ಫಿಲೆಟ್ (ಮೂಲೆಗೆ ತುಂಬುವ) ವೆಲ್ಡು. ನಮ್ಮಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಪ್ಲೇಟನ್ನೇ ಬದಲಾಯಿಸಿ, ಪೈಪನ್ನು ನೆಲದ ಮೇಲೆ ಬೇರೆ ಸ್ಟ್ಯಾಂಡಿಗೆ ಕಟ್ಟಿದೆವು.

ನಿಮ್ಮ ಸ್ಕ್ರೀನಿಗೂ ಯಾರಾದರೂ ಆಮೇಲೆ ಪಟ್ಟಿಯನ್ನೋ ಕೊಕ್ಕೆಯನ್ನೋ ವೆಲ್ಡ್ ಮಾಡಿದ್ದರೆ, ನಾಳೆ ಮೋಟರ್ ಹಾಕುವ ಮುಂಚೆ ಧೂಳು ಒರೆಸಿ, ಅದರ ಎರಡೂ ತುದಿಗೆ ಡೈ ಪೆನಿಟ್ರೆಂಟ್ (ಬಿರುಕನ್ನು ಬಣ್ಣದಲ್ಲಿ ತೋರಿಸುವ ದ್ರವ) ಹೊಡೆದು ನೋಡಿ.