ಇವ್ಯಾಪ್ ಲೀಕ್ ಹಿಡಿಯೋಕೆ ತಗೊಂಡ ಸ್ಕ್ಯಾನರ್: ನಾಲ್ಕು ವರ್ಷ ಬಳಸಿದ ಮೇಲೆ

ಚೆಕ್ ಎಂಜಿನ್ ದೀಪ ಹತ್ತಿದಾಗ ಕೋಡ್ ಏನಂತ ಓದೋದಷ್ಟೇ ನಿಮ್ಮ ಅಗತ್ಯ ಆಗಿದ್ದರೆ ಇದನ್ನ ತಗೋಬೇಡಿ. 20 ಡಾಲರಿನ ಬ್ಲೂಟೂತ್ ಡಾಂಗಲ್ ಸಾಕು. ನಾನು 2021ರಲ್ಲಿ 340 ಡಾಲರ್ ಸುರಿದಿದ್ದು ಬೇರೆ ಕಾರಣಕ್ಕೆ. ಈ ಸ್ಕ್ಯಾನರ್ ಚುಚ್ಚಿದರೆ ಕಾರಿನ ವಾಲ್ವ್‌ಗಳನ್ನ ನಾವೇ ಮುಚ್ಚಿ, ತೆರೆದು ನೋಡಬಹುದು. ಬೈಡೈರೆಕ್ಷನಲ್ ಅಂತಾರೆ. ಇವ್ಯಾಪ್, ಅಂದರೆ ಪೆಟ್ರೋಲ್ ಆವಿ ಹೊರಗೆ ಹೋಗದ ಹಾಗೆ ಹಿಡಿದಿಡುವ ವ್ಯವಸ್ಥೆ. ಅದರ ತೊಂದರೆ ಹುಡುಕೋದಕ್ಕೆ ಆ ಒಂದು ಸೌಲಭ್ಯ ಇಲ್ಲದಿದ್ದರೆ ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ನಾವಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಹಳೇ ಕಾರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್, ಅಂದರೆ ಮಾಲಿನ್ಯ ತಪಾಸಣೆ, ಕಡ್ಡಾಯ. ದೀಪ ಉರಿಯುತ್ತಿದ್ದರೆ ಫೇಲ್. ಫೇಲ್ ಆದರೆ ರಿಜಿಸ್ಟ್ರೇಷನ್ ಇಲ್ಲ. ನಮ್ಮದು 2011ರ ಜಪಾನೀ ಸೆಡಾನ್. ಎಂಜಿನ್ ಗಟ್ಟಿಮುಟ್ಟಾಗಿದೆ. ಓಡಿಸೋಕೆ ಒಂಚೂರೂ ತೊಂದರೆ ಇಲ್ಲ. ಆದರೂ ದೀಪ ಮಾತ್ರ ಹತ್ತಿಕೊಂಡಿತ್ತು. ಕೋಡ್ ಪಿ0455, ಅಂದರೆ ಇವ್ಯಾಪ್‌ನಲ್ಲಿ ದೊಡ್ಡ ಲೀಕ್.

ಗೊತ್ತಿಲ್ಲದವರಿಗೆ ಎರಡು ಮಾತು. ಟ್ಯಾಂಕಿನ ಪೆಟ್ರೋಲ್ ಬಿಸಿಲಿಗೆ ಆವಿ ಆಗುತ್ತಲೇ ಇರುತ್ತದೆ. ಆ ಆವಿಯನ್ನ ಸುಮ್ನೆ ಹೊರಗೆ ಬಿಡುವ ಹಾಗಿಲ್ಲ. ಪೈಪಿನ ಮೂಲಕ ಅದು ಇದ್ದಿಲು ತುಂಬಿದ ಒಂದು ಡಬ್ಬಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದೇ ಕ್ಯಾನಿಸ್ಟರ್. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆಯುತ್ತದೆ, ಎಂಜಿನ್ ಆ ಆವಿಯನ್ನ ಎಳೆದುಕೊಂಡು ಸುಡುತ್ತದೆ. ಡಬ್ಬಿಯ ಇನ್ನೊಂದು ಕಡೆ ವೆಂಟ್ ವಾಲ್ವ್, ಹೊರಗಿನ ಗಾಳಿ ಒಳಗೆ ಬರುವ ದಾರಿ. ಕರೆಂಟ್ ಕೊಡದಿದ್ದಾಗ ಪರ್ಜ್ ಮುಚ್ಚಿರುತ್ತದೆ, ವೆಂಟ್ ತೆರೆದಿರುತ್ತದೆ. ಇದೊಂದು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ. ಕಾರು ಆಗಾಗ ಎರಡನ್ನೂ ಮುಚ್ಚಿ, ಒಳಗಿನ ಒತ್ತಡ ಬದಲಾಗದೆ ಹಾಗೇ ನಿಲ್ಲುತ್ತದಾ ಅಂತ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. 1996ರಿಂದ ಅಮೆರಿಕದ ಕಾರುಗಳು ಒಂದು ಮಿಲಿಮೀಟರ್ ತೂತನ್ನ ಹಿಡಿಯಬೇಕಿತ್ತು. 2000ರ ಆಚೀಚೆ ಅದು ಅರ್ಧ ಮಿಲಿಮೀಟರಿಗೆ ಇಳಿಯಿತು. ಟ್ಯಾಂಕು, ಪೈಪು, ಮುಚ್ಚಳ ಎಲ್ಲ ಸೇರಿ ಅಷ್ಟುದ್ದದ ವ್ಯವಸ್ಥೆಯಲ್ಲಿ ಅರ್ಧ ಮಿಲಿಮೀಟರ್!

ಎಲ್ಲರ ಹಾಗೆ ನಾನೂ ಮೊದಲು ಪೆಟ್ರೋಲ್ ಮುಚ್ಚಳ ಬದಲಾಯಿಸಿದೆ. 14 ಡಾಲರ್. ವಾರ ಬಿಟ್ಟು ದೀಪ ವಾಪಸ್. ಗ್ಯಾರೇಜಿಗೆ ಒಯ್ದೆ. ಅವರು ಕೋಡ್ ಓದಿ, ಕಾರನ್ನ ಮೇಲೆತ್ತಿಯೂ ನೋಡದೆ, ಇಡೀ ಕ್ಯಾನಿಸ್ಟರ್ ಬದಲಿಸಬೇಕು, 780 ಡಾಲರ್ ಅಂದರು. "ಕ್ಯಾನಿಸ್ಟರೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು?" ಅಂದೆ. "ಈ ಕೋಡಿಗೆ ಅದೇ ಹೋಗಿರುತ್ತೆ" ಅಂದರು. ಆವತ್ತು ರಾತ್ರಿಯೇ ಸ್ಕ್ಯಾನರ್ ಆರ್ಡರ್ ಮಾಡಿದೆ. ಕೋಪದಲ್ಲಿ ಮಾಡಿದ ಖರೀದಿ ಅಂತ ಮನೆಯಲ್ಲಿ ಇವತ್ತಿಗೂ ಮಾತು ಕೇಳುತ್ತೇನೆ.

ಪರೀಕ್ಷೆ ಮಾಡೋದು ಹೀಗೆ. ಕಾರು ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ, ಸ್ಕ್ಯಾನರಿನಿಂದ ವೆಂಟ್ ಮುಚ್ಚಿಸಿ, ಪರ್ಜ್ ತೆರೆಸಬೇಕು. ಎಂಜಿನ್ ಗಾಳಿ ಎಳೆಯುತ್ತದೆ, ಹೊಸ ಗಾಳಿ ಬರುವ ದಾರಿ ಬಂದ್. ಹಾಗಾಗಿ ಟ್ಯಾಂಕಿನ ಒತ್ತಡ ಸೊನ್ನೆಗಿಂತ, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ, ಕೆಳಗೆ ಇಳಿಯಲೇಬೇಕು. ಆಮೇಲೆ ಪರ್ಜ್ ಮುಚ್ಚಿಸಿ ಗಡಿಯಾರ ನೋಡುತ್ತಾ ಕೂರೋದು. ಒತ್ತಡ ಅಲ್ಲೇ ನಿಂತರೆ ಲೀಕ್ ಇಲ್ಲ. ನಿಧಾನಕ್ಕೆ ಸೊನ್ನೆ ಕಡೆ ಏರಿದರೆ ಸಣ್ಣ ತೂತು. ಮೊದಲಿಗೆ ಇಳಿಯಲೇ ಇಲ್ಲ ಅಂದರೆ ದೊಡ್ಡ ತೂತು, ಇಲ್ಲವೇ ವಾಲ್ವ್ ಹೇಳಿದ ಮಾತು ಕೇಳುತ್ತಿಲ್ಲ.

ನನ್ನ ಕಾರಿನಲ್ಲಿ ಸ್ಕ್ಯಾನರ್ ತೋರಿಸುವ ಒತ್ತಡದ ಗ್ರಾಫ್ ಅಲುಗಾಡಲೇ ಇಲ್ಲ. ನೇರ ಗೆರೆ. ವೆಂಟ್ ಹತ್ತಿರ ಕಿವಿ ಇಟ್ಟರೆ ಟಕ್ ಅನ್ನುವ ಸದ್ದೇನೋ ಬರುತ್ತಿತ್ತು. ಬಿಚ್ಚಿ ತಂದು, ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟು ಬಾಯಲ್ಲಿ ಊದಿದೆ. ಗಾಳಿ ಆರಾಮಾಗಿ ಆಚೆ ಹೋಯಿತು. ಒಳಗೆ ಧೂಳು ಕಟ್ಟಿಕೊಂಡು ವಾಲ್ವ್ ಪೂರ್ತಿ ಕೂರುತ್ತಿರಲಿಲ್ಲ. ಸದ್ದು ಬಂತು ಅಂದ ಮಾತ್ರಕ್ಕೆ ಮುಚ್ಚಿತು ಅಂತ ಅಲ್ಲ, ನೋಡಿ. ಹೊಸ ವಾಲ್ವ್ 46 ಡಾಲರ್, ಮುಕ್ಕಾಲು ಗಂಟೆ ಕೆಲಸ. ಕ್ಯಾನಿಸ್ಟರ್ ಇವತ್ತಿಗೂ ಹಳೇದೇ. ಸ್ಕ್ಯಾನರಿನ ದುಡ್ಡು ಅವತ್ತೇ ವಾಪಸ್ ಬಂತು ಅಂತ ನನ್ನ ಲೆಕ್ಕ.

ಎರಡನೇ ಕೇಸಿನಲ್ಲಿ ಈ ಯಂತ್ರಕ್ಕೆ ಅಷ್ಟೇನೂ ಕೆಲಸ ಇರಲಿಲ್ಲ. ಮಂಡ್ಯದ ಗೆಳೆಯನೊಬ್ಬ ಯುಗಾದಿ ಊಟಕ್ಕೆ ಬಂದವನು, "ಮಗಾ, ಪೆಟ್ರೋಲ್ ಹಾಕಿಸಿದ ತಕ್ಷಣ ಗಾಡಿ ಸ್ಟಾರ್ಟೇ ಆಗಲ್ಲ ಕಣೋ" ಅಂದ. ಈ ಲಕ್ಷಣ ಕೇಳಿದರೆ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ ಅಂತ ಮೊದಲು ಅನುಮಾನ ಪಡಬೇಕು. ಟ್ಯಾಂಕ್ ತುಂಬುವಾಗ ಎದ್ದ ಆವಿ ಎಲ್ಲ ನೇರವಾಗಿ ಎಂಜಿನ್ನಿಗೆ ನುಗ್ಗುತ್ತದೆ. ಸ್ಕ್ಯಾನರ್ ಪರ್ಜ್ ಸೊನ್ನೆ ಪರ್ಸೆಂಟ್, ಅಂದರೆ ಪೂರ್ತಿ ಮುಚ್ಚಿದೆ, ಅಂತ ತೋರಿಸುತ್ತಿತ್ತು. ಅದು ಕಂಪ್ಯೂಟರ್ ಕೊಟ್ಟ ಆಜ್ಞೆ ಅಷ್ಟೇ, ವಾಲ್ವ್ ಏನು ಮಾಡುತ್ತಿದೆ ಅನ್ನೋದಲ್ಲ. ಎಂಜಿನ್ ಓಡುತ್ತಿರುವಾಗ ಕ್ಯಾನಿಸ್ಟರ್ ಕಡೆಯ ಹೋಸ್ ಕಿತ್ತು ವಾಲ್ವ್ ಬಾಯಿಗೆ ಬೆರಳಿಟ್ಟರೆ ಸೊರ್ರಂತ ಎಳೆಯಿತು. ಮುಗೀತು. ಒಬ್ಬಟ್ಟಿನ ಕೈಯಲ್ಲೇ ಮಾಡಿದ ಡಯಾಗ್ನೋಸಿಸ್ ಅದು.

ಮೂರನೇ ಕಾರಿನಲ್ಲಿ ನಾನೂ ಸೋತೆ, ಸ್ಕ್ಯಾನರೂ ಸೋತಿತು. ಆಫೀಸಿನವರೊಬ್ಬರು ಮಿಷಿಗನ್‌ನಿಂದ ಇಲ್ಲಿಗೆ ಬಂದಾಗ ಕಾರನ್ನೂ ತಂದಿದ್ದರು. ಕೋಡ್ ಪಿ0456, ತೀರಾ ಸಣ್ಣ ಲೀಕ್. ಆ ಕಾರು ಕೀ ತೆಗೆದು ಗಂಟೆಗಟ್ಟಲೆ ಆದ ಮೇಲೆ, ಎಲ್ಲ ತಣ್ಣಗಾದಾಗ, ತನ್ನದೇ ಪುಟ್ಟ ಪಂಪ್ ಓಡಿಸಿ ಪರೀಕ್ಷೆ ಮಾಡುತ್ತದೆ. ಸ್ಕ್ಯಾನರಿನ ಮೆನುವಿನಲ್ಲಿ "ಲೀಕ್ ಟೆಸ್ಟ್" ಅಂತ ಇತ್ತು. ಒತ್ತಿದರೆ ಕಾರು ಉತ್ತರಿಸುತ್ತಿಲ್ಲ ಅಂತ ಬಂತು. ಪೆಟ್ಟಿಗೆ ಮೇಲೆ ಎಲ್ಲ ಕಂಪನಿ ಕಾರುಗಳ ಲೋಗೋ ಹಾಕಿರುತ್ತಾರೆ, ನಂಬಬೇಡಿ. ಒಂದೊಂದು ಕಾರಿನಲ್ಲಿ ಯಾವ ಆಜ್ಞೆ ನಡೆಯುತ್ತದೆ ಅನ್ನೋದು ಚುಚ್ಚಿ ನೋಡಿದ ಮೇಲೇ ಗೊತ್ತಾಗೋದು.

ಕೊನೆಗೆ ಸ್ಮೋಕ್ ಮಷೀನ್ ಕೊಂಡೆ, 110 ಡಾಲರಿನದು. ಬೇಬಿ ಆಯಿಲ್ ಕಾಯಿಸಿ ಬಿಳಿ ಹೊಗೆ ಮಾಡುತ್ತದೆ. ಪರ್ಜ್ ಲೈನಿನಿಂದ ಹೊಗೆ ತುಂಬಿಸಿ, ಎಲ್ಲಿಂದ ಹೊರಬರುತ್ತದೆ ಅಂತ ಟಾರ್ಚ್ ಹಿಡಿದು ನೋಡೋದು. ಆದರೆ ವೆಂಟ್ ಮುಚ್ಚದೆ ಹೊಗೆ ಬಿಟ್ಟರೆ ಎಲ್ಲ ಅಲ್ಲಿಂದಲೇ ಆಚೆ ಹೋಗುತ್ತದೆ. ಅದನ್ನ ಮುಚ್ಚಿಸೋಕೆ ಮತ್ತೆ ಸ್ಕ್ಯಾನರೇ ಬೇಕಾಯಿತು. ಹತ್ತು ನಿಮಿಷದಲ್ಲಿ ಪೆಟ್ರೋಲ್ ಸುರಿಯುವ ಕೊಳವೆಯ ಮೇಲ್ಗಡೆ, ಪ್ಲಾಸ್ಟಿಕ್ ಕವರಿನ ಹಿಂದಿನಿಂದ, ಊದುಬತ್ತಿ ಹೊಗೆಯಂತೆ ಒಂದು ಎಳೆ ಎದ್ದಿತು. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುತ್ತಾರೆ. ಕವರಿನ ಹಿಂದೆ ಉಪ್ಪು ಕೂತು ಕಬ್ಬಿಣ ತಿಂದುಬಿಟ್ಟಿತ್ತು.

ಹೊಗೆ ಪರೀಕ್ಷೆ ಮಾಡುವವರು ಒಂದು ವಿಷಯದಲ್ಲಿ ಹುಷಾರು. ಟ್ಯಾಂಕಿನಲ್ಲಿ ಪೆಟ್ರೋಲ್ ಆವಿ ಇರುತ್ತದೆ. ಟೈರಿಗೆ ಗಾಳಿ ಹಾಕುವ ಕಂಪ್ರೆಸರನ್ನ ನೇರವಾಗಿ ಜೋಡಿಸಬೇಡಿ, ಅರ್ಧ ಪಿಎಸ್‌ಐಗಿಂತ ಜಾಸ್ತಿ ಒತ್ತಡ ಕೊಡಬೇಡಿ. ಬಯಲಲ್ಲಿ ಮಾಡಿ. ವೃತ್ತಿಯವರು ಗಾಳಿಯ ಬದಲು ನೈಟ್ರೋಜನ್ ಬಳಸುವುದು ಬೆಂಕಿಯ ಭಯಕ್ಕೇ. ಪೇಂಟ್ ಡಬ್ಬಿಯಲ್ಲಿ ಮನೆಯಲ್ಲೇ ಸ್ಮೋಕ್ ಮಷೀನ್ ಮಾಡುವ ವಿಡಿಯೋಗಳಿವೆ. ನಾನಂತೂ ಆ ಗೋಜಿಗೆ ಹೋಗಲ್ಲ.

ವೆಂಟ್ ಕಡೆ ನೋಡುವಾಗ ಜೇಡರ ಬಲೆಯನ್ನೂ ಹುಡುಕಿ. ತಮಾಷೆ ಅಲ್ಲ. 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ಸುಮಾರು 50 ಸಾವಿರ ಮಜ್ದಾ 6 ಕಾರುಗಳನ್ನ ವಾಪಸ್ ಕರೆಸಿದ್ದು ಇದಕ್ಕೇ. ಹಳದಿ ಬಣ್ಣದ ಒಂದು ಜಾತಿಯ ಜೇಡ ವೆಂಟ್ ಪೈಪಿನೊಳಗೆ ಬಲೆ ಕಟ್ಟುತ್ತಿತ್ತು. ಗಾಳಿ ಒಳಗೆ ಬರದೆ ಟ್ಯಾಂಕ್ ಬಿರುಕು ಬಿಡುವ ಅಪಾಯ ಇತ್ತು.

ಸ್ಮಾಗ್ ಚೆಕ್ ವಿಷಯದಲ್ಲಿ ನಾನು ಮಾಡಿದ ದಡ್ಡತನ ಹೇಳಲೇಬೇಕು. ರಿಪೇರಿ ಆದ ಖುಷಿಗೆ ಕೋಡ್ ಅಳಿಸಿ ಮಾರನೇ ದಿನವೇ ಹೋದೆ. ಫೇಲ್. ಕೋಡ್ ಅಳಿಸಿದರೆ ಕಾರಿನ ಸ್ವಂತ ಪರೀಕ್ಷೆಗಳೆಲ್ಲ ಮೊದಲಿನಿಂದ ಶುರು. ಇಲ್ಲಿ 2000 ಮತ್ತು ಅದರ ನಂತರದ ಮಾಡೆಲ್‌ನ ಪೆಟ್ರೋಲ್ ಕಾರಿಗೆ ಇವ್ಯಾಪ್ ಪರೀಕ್ಷೆ ಒಂದು ಬಾಕಿ ಇದ್ದರೆ ಬಿಡುತ್ತಾರೆ, ಮಿಕ್ಕಿದ್ದೆಲ್ಲ ಮುಗಿದಿರಬೇಕು. ಜೊತೆಗೆ 2019ರ ಜುಲೈನಿಂದ ಪರ್ಮನೆಂಟ್ ಕೋಡ್ ಕೂಡ ನೋಡುತ್ತಾರೆ. ಅದನ್ನ ಯಾವ ಸ್ಕ್ಯಾನರೂ ಅಳಿಸಲ್ಲ, ಪರೀಕ್ಷೆ ಪಾಸಾದ ಮೇಲೆ ಕಾರೇ ಅಳಿಸಬೇಕು. ಇಲ್ಲವೇ ಕೋಡ್ ಅಳಿಸಿದ ಮೇಲೆ 200 ಮೈಲಿ ಓಡಿಸಿ, 15 ಸಲ ಎಂಜಿನ್ ತಣ್ಣಗಿಂದ ಬಿಸಿ ಆಗಿರಬೇಕು. ಇವ್ಯಾಪ್ ಪರೀಕ್ಷೆ ನಡೆಯೋಕೆ ಟ್ಯಾಂಕ್ ಸಾಮಾನ್ಯವಾಗಿ 15ರಿಂದ 85 ಪರ್ಸೆಂಟ್ ನಡುವೆ ಇರಬೇಕು. ಫುಲ್ ಟ್ಯಾಂಕ್ ಮಾಡಿಸಿಕೊಂಡು ಕಾಯ್ದರೆ ಕಾಯುತ್ತಲೇ ಇರಬೇಕು. ಸ್ಕ್ಯಾನರ್ ಈ ಬಾಕಿ ಪಟ್ಟಿಯನ್ನ ಚೆನ್ನಾಗಿ ತೋರಿಸುತ್ತದೆ. ನಾನು ನೋಡಿರಲಿಲ್ಲ ಅಷ್ಟೇ.

ದೂರುಗಳೂ ಇವೆ. ಎರಡು ವರ್ಷ ಅಪ್‌ಡೇಟ್ ಉಚಿತ, ಆಮೇಲೆ ವರ್ಷಕ್ಕೆ 100 ಡಾಲರ್. ನಾನು ಕಟ್ಟಿಲ್ಲ. ಹಳೇ ಕಾರುಗಳಿಗೆ ಹಳೇ ಸಾಫ್ಟ್‌ವೇರ್ ಸಾಕು. ಆನ್ ಆಗೋಕೆ ಒಂದೂವರೆ ನಿಮಿಷ. ಒಂದೇ ವಾಲ್ವಿಗೆ ಮೂರು ಕಾರಿನಲ್ಲಿ ಮೂರು ಹೆಸರು. ಮೂರನೇ ವರ್ಷಕ್ಕೆ ಬ್ಯಾಟರಿ ಊದಿಕೊಂಡು ಪರದೆ ಮೇಲೆದ್ದಿತು, 25 ಡಾಲರಿನಲ್ಲಿ ನಾನೇ ಬದಲಾಯಿಸಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಲೋಗೋಗಳಿಗೆ.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ಇದನ್ನ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಣ್ಣನ ಬಿಎಸ್6 ಹ್ಯಾಚ್‌ಬ್ಯಾಕಿಗೆ ಚುಚ್ಚಿದರೆ ಇವ್ಯಾಪ್ ಮಾನಿಟರ್, ಅಂದರೆ ಕಾರಿನ ಸ್ವಂತ ಇವ್ಯಾಪ್ ಪರೀಕ್ಷೆ, ಅನ್ನುವ ಜಾಗದಲ್ಲಿ "ಇಲ್ಲ" ಅಂತ ಬಂತು. ಕ್ಯಾನಿಸ್ಟರ್ ಇದೆ, ಪರ್ಜ್ ವಾಲ್ವ್ ಇದೆ, ಟಿಕ್ ಟಿಕ್ ಅಂತ ಕೆಲಸವನ್ನೂ ಮಾಡುತ್ತಿತ್ತು. ಅಮೆರಿಕದ ಹಾಗೆ ಕಾರು ತಾನೇ ಲೀಕ್ ಹುಡುಕಬೇಕು ಅನ್ನುವ ನಿಯಮ ಅಲ್ಲಿಲ್ಲ. ಪಿಯುಸಿಯವರು ಸೈಲೆನ್ಸರಿಗೆ ಕೊಳವೆ ಇಟ್ಟು ಹೊಗೆ ಅಳೆಯುತ್ತಾರೆ, ಅಷ್ಟೇ. ಹಾಗಾಗಿ ಅಲ್ಲಿರುವವರು ಇವ್ಯಾಪ್‌ಗೋಸ್ಕರ ಇಷ್ಟು ದುಡ್ಡು ಹಾಕೋದು ದಂಡ.

ಅವತ್ತೇ ಸಂಜೆ ಅಣ್ಣನ ಜೊತೆ ಪೆಟ್ರೋಲ್ ಬಂಕಿಗೆ ಹೋದೆವು. ಪಂಪ್ ಆಟೋ ಕಟ್ ಆಯಿತು. ಹುಡುಗ ಗನ್ ತೆಗೆಯದೆ, "ಸಾರ್, ರೌಂಡ್ ಫಿಗರ್ ಮಾಡ್ಲಾ?" ಅಂದ. ಕಟ್ ಆದ ಮೇಲೂ ತುರುಕಿದರೆ ಪೆಟ್ರೋಲ್ ಕ್ಯಾನಿಸ್ಟರಿಗೇ ಹೋಗಬಹುದು, ಇದ್ದಿಲು ನೆನೆದರೆ ಕೆಟ್ಟಿತು ಅಂತ ನಾನು ವಿವರಿಸೋಕೆ ಹೊರಟೆ. "ಮಾಡಪ್ಪಾ" ಅಂದ ಅಣ್ಣ.