ಸಿಸಿಎನ್‌ಎ ತಯಾರಿಗೆ ಸಿಸ್ಕೋ ಡಾಕ್ಯುಮೆಂಟೇಶನ್: ಏನು ಓದಬೇಕು, ಏನು ಬಿಡಬೇಕು

ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆಯಾದ ಸಿಸಿಎನ್‌ಎಗೆ ಓದುವವರಲ್ಲಿ ತುಂಬಾ ಜನ ವಿಡಿಯೋ ಕೋರ್ಸ್ ಮುಗಿಸಿದ ಕೂಡಲೇ ಪ್ರಾಕ್ಟೀಸ್ ಟೆಸ್ಟ್‌ಗೆ ಕೂರುತ್ತಾರೆ. ಸಿಸ್ಕೋ ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿರುವ ಡಾಕ್ಯುಮೆಂಟೇಶನ್ ಕಡೆ ತಿರುಗಿ ನೋಡುವವರು ಕಡಿಮೆ. ನಾನು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಓದಿದವನು. ಮೊದಲ ಓದಿಗೆ ಅದು ಬೇಡ, ತಲೆ ಕೆಡುತ್ತೆ. ಆದರೆ ಒಂದು ಸುತ್ತು ಓದಿ ಮುಗಿಸಿದ ಮೇಲೆ ಅದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ.

ಮೊದಲು ಸಿಸಿಎನ್‌ಎ ಪರೀಕ್ಷೆಯ, ಅಂದರೆ 200-301ರ, ವಿಷಯಗಳ ಪಟ್ಟಿ ತೆಗೆದುಕೊಳ್ಳಿ. ಪ್ರತಿ ವಿಷಯವನ್ನೂ ಎಷ್ಟು ಆಳಕ್ಕೆ ಓದಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತೆ. 'ಕಾನ್ಫಿಗರ್ ಅಂಡ್ ವೆರಿಫೈ' ಅಂತ ಇದ್ದರೆ ಡಾಕ್ಯುಮೆಂಟೇಶನ್ ತೆರೆಯಲೇಬೇಕು. ಬರೀ 'ಡಿಸ್ಕ್ರೈಬ್' ಅಂತ ಇದ್ದರೆ ಕೋರ್ಸ್ ನೋಟ್ಸ್ ಸಾಕು. ಸಿಂಗಲ್ ಏರಿಯಾ ಓಎಸ್‌ಪಿಎಫ್ (ರೂಟರ್‌ಗಳು ದಾರಿ ಕಂಡುಕೊಳ್ಳುವ ಪ್ರೋಟೋಕಾಲ್), ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್), ಪೋರ್ಟ್ ಸೆಕ್ಯೂರಿಟಿ (ಸ್ವಿಚ್ ಪೋರ್ಟ್‌ಗೆ ಯಾವ ಸಾಧನ ಬರಬಹುದು ಅನ್ನೋ ಮಿತಿ) ಎಲ್ಲಾ ಮೊದಲ ಗುಂಪಿಗೆ ಸೇರುತ್ತವೆ.

ಡಾಕ್ಯುಮೆಂಟೇಶನ್‌ನಲ್ಲಿ ನಮಗೆ ಬೇಕಾಗುವುದು ಮುಖ್ಯವಾಗಿ ಎರಡು, ಕಾನ್ಫಿಗರೇಶನ್ ಗೈಡ್ ಮತ್ತು ಕಮಾಂಡ್ ರೆಫರೆನ್ಸ್. ಗೈಡ್‌ನಲ್ಲಿ ಇರುವುದನ್ನು ಕೋರ್ಸ್‌ಗಳೂ ಹೇಳಿಕೊಡುತ್ತವೆ. ನನಗೆ ನಿಜವಾಗಿ ಇಷ್ಟವಾಗಿದ್ದು ಕಮಾಂಡ್ ರೆಫರೆನ್ಸ್. ಒಂದೊಂದು ಕಮಾಂಡ್‌ಗೂ ಅದರ ಸಿಂಟ್ಯಾಕ್ಸ್, ಡಿಫಾಲ್ಟ್, ಯಾವ ಮೋಡ್‌ನಲ್ಲಿ ಕೊಡಬೇಕು, ಬಳಸುವಾಗ ಏನೇನು ಗಮನಿಸಬೇಕು, ಉದಾಹರಣೆ, ಎಲ್ಲಾ ಒಂದೇ ಕಡೆ ಇರುತ್ತೆ. ಅದರಲ್ಲಿ 'ಡಿಫಾಲ್ಟ್' ಮತ್ತು 'ಯೂಸೇಜ್ ಗೈಡ್‌ಲೈನ್ಸ್' ಎರಡನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಪೋರ್ಟ್ ಸೆಕ್ಯೂರಿಟಿಯನ್ನೇ ನೋಡಿ. ಆಕ್ಸೆಸ್ ಮೋಡ್‌ನಲ್ಲಿರುವ ಇಂಟರ್‌ಫೇಸ್‌ನಲ್ಲಿ 'ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ' ಅಂತ ಒಂದೇ ಸಾಲು ಕೊಟ್ಟು ಸುಮ್ನೆ ಬಿಟ್ಟರೆ ಏನಾಗುತ್ತೆ? ಡಿಫಾಲ್ಟ್ ಪ್ರಕಾರ ಒಂದೇ ಒಂದು ಮ್ಯಾಕ್ ಅಡ್ರೆಸ್‌ಗೆ (ಸಾಧನದ ಹಾರ್ಡ್‌ವೇರ್ ವಿಳಾಸ) ಜಾಗ, ವಯೊಲೇಶನ್ ಮೋಡ್ ಶಟ್‌ಡೌನ್. ಎರಡನೇ ಮ್ಯಾಕ್ ಕಂಡ ತಕ್ಷಣ ಪೋರ್ಟ್ ಎರರ್-ಡಿಸೇಬಲ್ಡ್ ಆಗುತ್ತೆ, ಅಂದರೆ ಬಂದ್ ಆಗುತ್ತೆ. ರಿಸ್ಟ್ರಿಕ್ಟ್ ಇಟ್ಟರೆ ಪೋರ್ಟ್ ಚಾಲೂ ಇರುತ್ತೆ, ಹೊಸ ಮ್ಯಾಕ್‌ನ ಟ್ರಾಫಿಕ್ ಮಾತ್ರ ಡ್ರಾಪ್ ಆಗುತ್ತೆ, ಲಾಗ್ ಬರುತ್ತೆ, ಕೌಂಟರ್ ಏರುತ್ತೆ. ಪ್ರೊಟೆಕ್ಟ್‌ನಲ್ಲೂ ಡ್ರಾಪ್ ಆಗುತ್ತೆ, ಆದರೆ ಲಾಗೂ ಇಲ್ಲ, ಕೌಂಟರೂ ಇಲ್ಲ. ಇದನ್ನು ಓದಿದ ಮೇಲೆ ಪ್ಯಾಕೆಟ್ ಟ್ರೇಸರ್‌ನಲ್ಲಿ (ಸಿಸ್ಕೋದ ನೆಟ್‌ವರ್ಕ್ ಸಿಮ್ಯುಲೇಟರ್) ಮೂರೂ ಮೋಡ್ ಹಾಕಿ, 'ಶೋ ಪೋರ್ಟ್-ಸೆಕ್ಯೂರಿಟಿ ಇಂಟರ್‌ಫೇಸ್' ಕೊಟ್ಟು ವಯೊಲೇಶನ್ ಕೌಂಟ್ ನೋಡಿ. ಆಮೇಲೆ ಬಾಯಿಪಾಠ ಮಾಡುವ ಅಗತ್ಯವೇ ಬರೋದಿಲ್ಲ.

ಓಎಸ್‌ಪಿಎಫ್ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದರ ನಿಯಮಗಳನ್ನೇ ಬರೆದಿಟ್ಟ ದಾಖಲೆ ಆರ್‌ಎಫ್‌ಸಿ 2328 ತೆರೆಯಿರಿ ಅಂತೀನಿ. 1998ರದ್ದು, ಇನ್ನೂರಕ್ಕೂ ಜಾಸ್ತಿ ಪುಟ, ಪೂರ್ತಿ ಓದೋದು ಬೇಡ. ನೇಬರ್ (ಪಕ್ಕದ ರೂಟರ್) ಬಗ್ಗೆ ಇರುವ 10ನೇ ಅಧ್ಯಾಯದಲ್ಲಿ ಒಂದೆರಡು ಭಾಗ ಸಾಕು. ರೂಟರ್‌ಗಳು ಪರಸ್ಪರ ಗುರುತಿಸಲು ಕಳಿಸುವುದು ಹಲೋ ಪ್ಯಾಕೆಟ್. ಹಲೋ ಇಂಟರ್ವಲ್, ಡೆಡ್ ಇಂಟರ್ವಲ್, ಮಾಸ್ಕ್ ಹೊಂದದಿದ್ದರೆ ಹಲೋ ಪ್ಯಾಕೆಟನ್ನೇ ಬಿಸಾಕಬೇಕು ಅಂತ 10.5ರಲ್ಲಿ ಇದೆ, ಪಾಯಿಂಟ್-ಟು-ಪಾಯಿಂಟ್‌ನಲ್ಲಿ ಮಾಸ್ಕ್ ನೋಡಬೇಕಾಗಿಲ್ಲ ಅನ್ನೋದೂ ಅಲ್ಲೇ ಇದೆ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸುದ್ದಿ ಬರುವುದು 10.6ರಲ್ಲಿ. ಎಂಟಿಯು ಹಲೋ ಪ್ಯಾಕೆಟ್‌ನಲ್ಲಿ ಇರೋದೇ ಇಲ್ಲ, ಡೇಟಾಬೇಸ್ ಡಿಸ್ಕ್ರಿಪ್ಶನ್ ಪ್ಯಾಕೆಟ್‌ನಲ್ಲಿ ಇರುತ್ತೆ. ಹಾಗಾಗಿ ಎಂಟಿಯು ಬೇರೆ ಬೇರೆ ಇದ್ದರೂ ಎರಡು ರೂಟರ್‌ಗಳು ಒಂದನ್ನೊಂದು ಆರಾಮಾಗಿ ಗುರುತಿಸುತ್ತವೆ, ಟೂ-ವೇ ಹಂತದ ತನಕ ಬರುತ್ತವೆ, ಆಮೇಲಿನ ಹಂತಗಳಾದ ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಕೋರ್ಸ್‌ಗಳು 'ಎಂಟಿಯು ಒಂದೇ ಇರಬೇಕು' ಅಂತ ಒಂದು ಸಾಲು ಹೇಳಿ ಮುಂದೆ ಹೋಗುತ್ತವೆ. ಯಾಕೆ ಅಲ್ಲೇ ನಿಲ್ಲುತ್ತೆ ಅಂತ ಇಲ್ಲಿ ಗೊತ್ತಾದಾಗ ಸಿಗುವ ಖುಷಿಯೇ ಬೇರೆ.

ಕಷ್ಟಗಳೂ ಇವೆ. ಒಂದೊಂದು ಸ್ವಿಚ್ ಸರಣಿಗೆ, ಒಂದೊಂದು ಸಾಫ್ಟ್‌ವೇರ್ ವರ್ಶನ್‌ಗೆ ಬೇರೆ ಬೇರೆ ಗೈಡ್. ಹೊಸಬರಿಗೆ ಯಾವುದನ್ನು ತೆರೆಯಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಕ್ಯಾಟಲಿಸ್ಟ್ 9000 ಸರಣಿಯ ಒಂದು ಗೈಡ್ ಹಿಡಿದು ಕೊನೆತನಕ ಅದನ್ನೇ ಓದಿ, ನಾಲ್ಕು ಕಡೆ ಹುಡುಕಬೇಡಿ. ಇನ್ನೊಂದು, ಅವುಗಳನ್ನು ಬರೆದಿರೋದು ಕೆಲಸ ಮಾಡುವ ಎಂಜಿನಿಯರ್‌ಗಳಿಗಾಗಿ, ಪರೀಕ್ಷೆಗಾಗಿ ಅಲ್ಲ. ಓಎಸ್‌ಪಿಎಫ್ ಗೈಡ್‌ನಲ್ಲಿ ಸ್ಟಬ್ ಏರಿಯಾ, ವರ್ಚುವಲ್ ಲಿಂಕ್ ಎಲ್ಲಾ ಬರುತ್ತೆ, ಸಿಸಿಎನ್‌ಎಗೆ ಅದು ಬೇಡ. ವಿಷಯಗಳ ಪಟ್ಟಿ ಪಕ್ಕದಲ್ಲಿ ಇಲ್ಲದಿದ್ದರೆ ಅದರಲ್ಲೇ ವಾರಗಟ್ಟಲೆ ಕಳೆದುಹೋಗುತ್ತೆ.

ಸಬ್‌ನೆಟಿಂಗ್‌ಗೆ (ಒಂದು ನೆಟ್‌ವರ್ಕನ್ನು ಚಿಕ್ಕ ಚಿಕ್ಕ ನೆಟ್‌ವರ್ಕ್‌ಗಳಾಗಿ ಒಡೆಯುವ ಲೆಕ್ಕ) ಮಾತ್ರ ಇದರಿಂದ ಏನೂ ಪ್ರಯೋಜನವಿಲ್ಲ. ಅದು ಕೈಗೆ ಕೂರಬೇಕು, ಕಾಗದದ ಮೇಲೆ ದಿನಾ ಲೆಕ್ಕ ಮಾಡಲೇಬೇಕು. ಪರೀಕ್ಷೆಗೆ ಇರೋದು 120 ನಿಮಿಷ. ಸಿಸ್ಕೋದ ಉನ್ನತ ಮಟ್ಟದ ಪರೀಕ್ಷೆಯಾದ ಸಿಸಿಐಇ ಲ್ಯಾಬ್‌ನಲ್ಲಿ ಸಿಸ್ಕೋ ಡಾಕ್ಯುಮೆಂಟೇಶನ್ ನೋಡಲು ಬಿಡುತ್ತಾರೆ, ಸಿಸಿಎನ್‌ಎನಲ್ಲಿ ಆ ಅನುಕೂಲ ಇಲ್ಲ. ಆದ್ದರಿಂದ ಓದುವಾಗಲೇ ಡಿಫಾಲ್ಟ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋಗಿ.