ಒಂದೇ ಅಚ್ಚಿನ ಚೌಕಟ್ಟೋ, ಬೆಸೆದ ಚೌಕಟ್ಟೋ: ಕಾರಿನ ಬಾಗಿಲಿನ ಎರಡು ವಿನ್ಯಾಸಗಳ ಹೋಲಿಕೆ

ಕಾರಿನ ಬಾಗಿಲನ್ನು ಬೆಲ್ಟ್‌ಲೈನಿನಲ್ಲಿ, ಅಂದರೆ ಕಿಟಕಿಯ ಗಾಜು ಕೆಳಗಿಳಿದು ಮರೆಯಾಗುವ ಗೆರೆಯಲ್ಲಿ, ಅಡ್ಡಲಾಗಿ ಎರಡು ಭಾಗ ಮಾಡಿ ನೋಡಿದರೆ, ಕೆಳಗಿನ ಅರ್ಧ ಒಳತಗಡು ಮತ್ತು ಹೊರತಗಡು ಸೇರಿ ಆದ ಪೆಟ್ಟಿಗೆಯಾಗಿರುವುದರಿಂದ ತನ್ನಷ್ಟಕ್ಕೇ ಗಟ್ಟಿಯಾಗಿರುತ್ತದೆ. ಮೇಲಿನ ಅರ್ಧಕ್ಕೆ ಆ ಅನುಕೂಲವಿಲ್ಲ. ಗಾಜನ್ನು ಸುತ್ತುವರಿಯುವ ಚೌಕಟ್ಟು ಬೆಲ್ಟ್‌ಲೈನಿನಿಂದ ಮೇಲಕ್ಕೆ ಚಾಚಿಕೊಂಡಿರುವ ತೆಳುವಾದ ಕಮಾನು. ಆದರೂ ಅದು ವೆದರ್‌ಸ್ಟ್ರಿಪ್ಪನ್ನು, ಅಂದರೆ ಗಾಳಿ, ನೀರು ತಡೆಯುವ ರಬ್ಬರಿನ ಪಟ್ಟಿಯನ್ನು, ಸುತ್ತಲೂ ಒಂದೇ ಸಮನಾಗಿ ಒತ್ತಬೇಕು, ಏರಿಳಿಯುವ ಗಾಜಿಗೆ ದಾರಿ ಹಿಡಿಯಬೇಕು, ಹೆದ್ದಾರಿಯ ವೇಗದಲ್ಲಿ ಗಾಳಿಯ ಸೆಳೆತಕ್ಕೆ ಬಗ್ಗದೆ ನಿಲ್ಲಬೇಕು, ಜೊತೆಗೆ ಪಕ್ಕದ ಪಿಲ್ಲರಿನ (ಛಾವಣಿ ಹೊರುವ ಕಂಬದ) ಮೇಲ್ಮೈಗೆ ಸರಿಸಮನಾಗಿ ಕಾಣಬೇಕು. ಜೋಡಣೆಯ ಸಾಲಿನ ಕೊನೆಯಲ್ಲಿ ನಿಂತು ಬಾಗಿಲು ಸರಿಹೊಂದಿಸುವವರ ಶ್ರಮದ ದೊಡ್ಡ ಪಾಲು ಈ ಕಮಾನಿಗೇ ಹೋಗುತ್ತದೆ.

ಇದನ್ನು ಮಾಡಲು ಬಹುಕಾಲದಿಂದ ಎರಡು ದಾರಿಗಳು ಪೈಪೋಟಿಯಲ್ಲಿವೆ. ಮೊದಲನೆಯದರಲ್ಲಿ ಬಾಗಿಲಿನ ಇಡೀ ಒಳತಗಡನ್ನು, ಮೇಲಿನ ಚೌಕಟ್ಟಿನ ಸಮೇತ, ಒಂದೇ ಉಕ್ಕಿನ ಹಾಳೆಯಿಂದ ಪ್ರೆಸ್ಸಿನಲ್ಲಿ ಅಚ್ಚು ಒತ್ತಿ, ಕಿಟಕಿಯ ಜಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಎರಡನೆಯದರಲ್ಲಿ ಒಳತಗಡು ಬೆಲ್ಟ್‌ಲೈನಿನವರೆಗೆ ಮಾತ್ರ ಇರುತ್ತದೆ. ಉಕ್ಕಿನ ಪಟ್ಟಿಯನ್ನು ಸಾಲು ರೋಲರುಗಳ ನಡುವೆ ಹಾಯಿಸಿ ಬೇಕಾದ ಅಡ್ಡಕೊಯ್ತ ಕೊಟ್ಟು, ಎಳೆದು ಬಾಗಿಸಿ, ಮೂಲೆಯಲ್ಲಿ ಓರೆಯಾಗಿ ಕತ್ತರಿಸಿ ಬೆಸೆದ ಸ್ಯಾಶ್ ಚೌಕಟ್ಟನ್ನು ಅದಕ್ಕೆ ವೆಲ್ಡ್ ಮಾಡುತ್ತಾರೆ. ನಾನು ಕೆಲಸ ಮಾಡಿದ ಒಂದು ಯೋಜನೆಯ ಪ್ರಾಯೋಗಿಕ ಹಂತದಲ್ಲಿ, ಒಂದೇ ಸಣ್ಣ ಕಾರಿನ ಮುಂಬಾಗಿಲಿಗೆ ಎರಡೂ ಬಗೆಯ ಚೌಕಟ್ಟುಗಳನ್ನು ಮಾಡಿಸಿ, ಕಾರಿನ ಅದೇ ಬಾಡಿಯ ಮೇಲೆ, ಅದೇ ಹಿಂಜುಗಳಲ್ಲಿ ಕೂರಿಸಿ ಅಳೆದು ನೋಡುವ ಅವಕಾಶ ಸಿಕ್ಕಿತ್ತು. ಭಾಗಗಳನ್ನು ಅಲುಗದಂತೆ ಹಿಡಿದು ನಿಲ್ಲಿಸುವ ವೆಲ್ಡಿಂಗ್ ಫಿಕ್ಸ್ಚರುಗಳೂ ಚೆಕಿಂಗ್ ಫಿಕ್ಸ್ಚರುಗಳೂ ಪೀಣ್ಯದ ಟೂಲ್‌ರೂಮುಗಳಲ್ಲಿ ತಯಾರಾಗಿದ್ದವು. ಅಳತೆ ಸಿಎಂಎಂ (ಬಿಂದುಗಳ ಸ್ಥಾನವನ್ನು ಮೂರು ದಿಕ್ಕಿನಲ್ಲಿ ಅಳೆಯುವ) ಯಂತ್ರದಲ್ಲಿ ನಡೆಯುತ್ತಿತ್ತು. ಇಲ್ಲಿ ಬರೆದಿರುವುದೆಲ್ಲ ಆ ಅನುಭವದ ಮೇಲೆ ನಿಂತಿದೆ.

ನಾನು ಹೆಚ್ಚು ಗಮನ ಕೊಟ್ಟದ್ದು ಚೌಕಟ್ಟಿನ ಹಿಂದಿನ ಮೇಲ್ಮೂಲೆಗೆ. ಬಿ-ಪಿಲ್ಲರಿನ, ಅಂದರೆ ಮುಂಬಾಗಿಲು ಹಿಂಬಾಗಿಲುಗಳ ನಡುವಿನ ಕಂಬದ, ತಲೆಯ ಬಳಿಯಿರುವ ಈ ಬಿಂದು ಹಿಂಜುಗಳಿಂದಲೂ ದೂರ, ಬೀಗದಿಂದಲೂ ದೂರ. ಕೆಳಗೆ ಎಲ್ಲೇ ತಪ್ಪಿದರೂ ಇಲ್ಲಿ ಅದು ಹಿಗ್ಗಿ ಕಾಣಿಸುತ್ತದೆ. ಒಂದೇ ಅಚ್ಚಿನ ಚೌಕಟ್ಟಿನ ಮೊದಲ ಕಂತುಗಳಲ್ಲಿ ಈ ಮೂಲೆ ನಕ್ಷೆಗಿಂತ ಹೊರಕ್ಕೆ ಸರಿದಿತ್ತು. ಪ್ರೆಸ್ಸಿನಿಂದ ಹೊರಬಂದ ಮೇಲೆ ತಗಡು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುವ ಸ್ಪ್ರಿಂಗ್‌ಬ್ಯಾಕ್ ಅದಕ್ಕೆ ಕಾರಣ. ಆದರೆ ಬಾಗಿಲಿಂದ ಬಾಗಿಲಿಗೆ ಆ ಸರಿತ ಹೆಚ್ಚುಕಡಿಮೆ ಒಂದೇ ಆಗಿತ್ತು. ಸ್ಯಾಶ್ ಚೌಕಟ್ಟಿನಲ್ಲಿ ಪರಿಸ್ಥಿತಿ ತಿರುಗುಮುರುಗು: ಸರಾಸರಿ ನಕ್ಷೆಗೆ ಹತ್ತಿರವೇ ಇತ್ತು, ಬಿಡಿ ಬಾಗಿಲುಗಳು ಮಾತ್ರ ಒಳಕ್ಕೂ ಹೊರಕ್ಕೂ ಚದುರಿದ್ದವು. ಮೊದಲ ವರದಿ ಓದಿದವರಿಗೆ ಸ್ಯಾಶ್ ಹೆಚ್ಚು ನಿಖರವೆನಿಸಿದರೆ ಆಶ್ಚರ್ಯವಿಲ್ಲ, ಏಕೆಂದರೆ ವರದಿಯ ಮೊದಲ ಪುಟದಲ್ಲಿ ಸರಾಸರಿಯೇ ಕಾಣುತ್ತದೆ. ನನ್ನ ತೀರ್ಮಾನ ಇದಕ್ಕೆ ವಿರುದ್ಧವಾಗಿತ್ತು, ಈಗಲೂ ಹಾಗೆಯೇ ಇದೆ. ಎಲ್ಲ ಬಾಗಿಲುಗಳಲ್ಲೂ ಒಂದೇ ದಿಕ್ಕಿಗೆ ಒಂದೇ ಪ್ರಮಾಣದಲ್ಲಿ ಬರುವ ತಪ್ಪನ್ನು ಡೈಯಲ್ಲಿ (ತಗಡಿಗೆ ಆಕಾರ ಕೊಡುವ ಅಚ್ಚಿನಲ್ಲಿ) ಒಮ್ಮೆ ಸರಿಪಡಿಸಬಹುದು. ಡೈಯ ಮುಖವನ್ನು ಸ್ಪ್ರಿಂಗ್‌ಬ್ಯಾಕಿನ ಎದುರು ದಿಕ್ಕಿಗೆ ತಿದ್ದಿ ಮತ್ತೆ ಕೆತ್ತಿದ ಮೇಲೆ ಆ ಮೂಲೆ ತನ್ನ ಜಾಗಕ್ಕೆ ಬಂತು. ಚದುರಿದ ತಪ್ಪಿಗೆ ಅಂಥ ಒಂದೇ ಮದ್ದು ಇರುವುದಿಲ್ಲ.

ಸ್ಯಾಶಿನಲ್ಲಿ ಚದುರುವಿಕೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಫಿಕ್ಸ್ಚರಿನ ಪಕ್ಕದಲ್ಲೇ ನಿಂತು ನೋಡಬೇಕು. ವೆಲ್ಡ್ ಮುಗಿದು ಕ್ಲ್ಯಾಂಪುಗಳು ಬಿಚ್ಚಿದ ಕ್ಷಣದಲ್ಲಿ ಮೂಲೆಗೆ ತಾಗಿಸಿಟ್ಟ ಡಯಲ್ ಗೇಜಿನ ಮುಳ್ಳು ಕದಲುತ್ತದೆ. ಎಷ್ಟು ಕದಲುತ್ತದೆ ಎಂಬುದು ಓರೆ ಕತ್ತರಿಕೆಯ ಎರಡು ಮುಖಗಳ ನಡುವೆ ಉಳಿದ ಸಂದನ್ನು ಅವಲಂಬಿಸಿರುತ್ತದೆ. ಮುಖಗಳು ಚೆನ್ನಾಗಿ ಕೂಡಿದ್ದರೆ ಕಡಿಮೆ. ಒಂದು ಕಡೆ ಸಂದು ತೆರೆದಿದ್ದರೆ ಕರಗಿದ ಲೋಹ ಆ ಸಂದನ್ನು ತುಂಬಿ, ಆರುವಾಗ ಕುಗ್ಗಿ, ಇಡೀ ಮೂಲೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹೊರಮುಖದ ವೆಲ್ಡನ್ನು ಮೊದಲು ಹಾಕಿದರೆ ಎಳೆತ ಒಂದು ದಿಕ್ಕಿಗೆ, ಒಳಮುಖದ್ದನ್ನು ಮೊದಲು ಹಾಕಿದರೆ ಇನ್ನೊಂದು ದಿಕ್ಕಿಗೆ. ಹೀಗಾಗಿ ಸ್ಯಾಶ್ ಆರಿಸಿಕೊಳ್ಳುವವರು ವೆಲ್ಡಿನ ಕ್ರಮವನ್ನೂ ನಕ್ಷೆಯ ಭಾಗವೆಂದೇ ಭಾವಿಸಿ ಬರೆದಿಡಬೇಕು. ಅದನ್ನು ಪಾಳಿಯಲ್ಲಿರುವವರ ಅಭ್ಯಾಸಕ್ಕೆ ಬಿಟ್ಟುಬಿಡುವುದು ನ್ಯಾಯವಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ಉದಾಹರಣೆಗೆ, ಸ್ಯಾಶ್ ಬಾಗಿಲಿನಲ್ಲಿ ಒಳತಗಡಿಗೆ ±0.5 ಮಿ.ಮೀ., ಬಾಗಿಸುವಿಕೆಗೆ ±0.7, ವೆಲ್ಡಿಗೆ ±0.7, ಕಾರಿನ ಬಾಡಿಯ ಮೇಲೆ ಕೂರಿಸುವುದಕ್ಕೆ ±0.8 ಎಂದು ಸಹಿಷ್ಣುತೆ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಹಂಚಿದರೆ, ಕೆಟ್ಟ ಪಕ್ಷದಲ್ಲಿ ಮೊತ್ತ ±2.7 ಮಿ.ಮೀ.; ವರ್ಗಗಳ ಮೊತ್ತದ ವರ್ಗಮೂಲ ತೆಗೆದುಕೊಳ್ಳುವ ಸಂಖ್ಯಾಶಾಸ್ತ್ರೀಯ ವಿಧಾನದಲ್ಲಿ ಸುಮಾರು ±1.4. ಒಂದೇ ಅಚ್ಚಿನ ಬಾಗಿಲಿನಲ್ಲಿ ಅಚ್ಚಿಗೆ ±0.7, ಹೊರತಗಡಿನ ಅಂಚನ್ನು ಒಳತಗಡಿನ ಮೇಲೆ ಮಡಿಸುವ ಹೆಮ್ಮಿಂಗಿಗೆ ±0.5, ಕೂರಿಸುವುದಕ್ಕೆ ಅದೇ ±0.8 ಕೊಟ್ಟರೆ ಕೆಟ್ಟ ಪಕ್ಷ ±2.0, ಸಂಖ್ಯಾಶಾಸ್ತ್ರೀಯವಾಗಿ ಸುಮಾರು ±1.2. ಕಾಗದದ ಮೇಲೆ ಎರಡರ ಅಂತರ ಇಷ್ಟೇ ಇಷ್ಟು. ಆದರೆ ಈ ವಿಧಾನ ಪ್ರತಿಯೊಂದು ತಪ್ಪೂ ನಡುಬಿಂದುವಿನ ಸುತ್ತ ಸಮವಾಗಿ ಹರಡಿರುತ್ತದೆ ಎಂದು ನಂಬಿಕೊಂಡಿದೆ. ವೆಲ್ಡಿನ ಎಳೆತವಾಗಲಿ, ದಿನಗಳೆದಂತೆ ಸವೆಯುವ ಕ್ಲ್ಯಾಂಪಿನ ಮುಖವಾಗಲಿ ಹಾಗೆ ವರ್ತಿಸುವುದಿಲ್ಲ. ಅವು ಒಂದೇ ಕಡೆಗೆ ಮೆಲ್ಲನೆ ಜಾರುತ್ತವೆ.

ಹಾಗೆಂದು ಸ್ಯಾಶನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರ ಚದುರುವಿಕೆಯ ದೊಡ್ಡ ಭಾಗವನ್ನು ಕೀಲಿನ, ಅಂದರೆ ಸ್ಯಾಶೂ ಒಳತಗಡೂ ಕೂಡುವ ಜಾಗದ, ವಿನ್ಯಾಸದಿಂದಲೇ ಕಡಿಮೆ ಮಾಡಬಹುದು, ಮತ್ತು ಈ ಹೋಲಿಕೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ವಿಷಯವೂ ಇದೇ. ಮೊದಲ ವಿನ್ಯಾಸದಲ್ಲಿ ಸ್ಯಾಶಿನ ಕಾಲು ಒಳತಗಡಿನ ಒಂದು ಮೆಟ್ಟಿಲಿನ ಮೇಲೆ ನೇರವಾಗಿ ಕೂರುತ್ತಿತ್ತು. ಅಂದರೆ ಸ್ಯಾಶ್ ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಎಷ್ಟು ಒಳಕ್ಕೆ ವಾಲಬೇಕು ಎಂಬುದನ್ನು ಆ ಮೆಟ್ಟಿಲೇ ತೀರ್ಮಾನಿಸುತ್ತಿತ್ತು. ಒಳತಗಡಿನ ತಪ್ಪೆಲ್ಲ ಮೇಲಕ್ಕೆ ಸಾಗುತ್ತಿತ್ತು. ಕಾಲಿನ ಉದ್ದಕ್ಕೆ ಹೋಲಿಸಿದರೆ ಚೌಕಟ್ಟಿನ ಎತ್ತರ ಹಲವು ಪಟ್ಟು ಇರುವುದರಿಂದ, ಬುಡದಲ್ಲಿ ಕಣ್ಣಿಗೆ ಕಾಣದಷ್ಟು ವಾಲಿದರೂ ತುದಿಯಲ್ಲಿ ಅದು ಮಿಲಿಮೀಟರುಗಳಲ್ಲಿ ಅಳೆಯುವಂತಾಗುತ್ತದೆ. ಬದಲಿಸಿದ ವಿನ್ಯಾಸದಲ್ಲಿ ಮೆಟ್ಟಿಲನ್ನು ತೆಗೆದುಹಾಕಿ, ಸ್ಯಾಶಿನ ಕಾಲೂ ಒಳತಗಡೂ ಒಂದರ ಮೇಲೊಂದು ಚಪ್ಪಟೆಯಾಗಿ ಹೊಂದಿಕೊಂಡು ಜಾರುವಂತೆ ಮಾಡಲಾಯಿತು. ಈಗ ಎರಡೂ ಭಾಗಗಳನ್ನು ಫಿಕ್ಸ್ಚರು ತಾನೇ ತನ್ನ ಪಿನ್ನುಗಳಲ್ಲಿ ಹಿಡಿದು ನಿಲ್ಲಿಸುತ್ತದೆ. ಭಾಗಗಳಲ್ಲಿ ಅಳತೆಯ ವ್ಯತ್ಯಾಸವಿದ್ದರೆ ಅದು ಒಂದರ ಮೇಲೊಂದು ಬರುವ ಅಂಚಿನ ಅಗಲದಲ್ಲಿ ಕರಗಿಹೋಗುತ್ತದೆ, ಮೂಲೆಯ ಸ್ಥಾನಕ್ಕೆ ತಲುಪುವುದಿಲ್ಲ.

ಇಂಥ ಜಾರುವ ಕೀಲಿನಲ್ಲಿ ಒಂದು ನಿಯಮ ಪಾಲಿಸಲೇಬೇಕು. ಎರಡು ತಗಡುಗಳು ಕೂಡುವ ಸಮತಲದಲ್ಲಿ ಜಾರಲು ಅವಕಾಶವಿರುತ್ತದೆ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಇರುವುದಿಲ್ಲ. ಆದ್ದರಿಂದ ಯಾವ ದಿಕ್ಕಿನ ನಿಖರತೆ ನಮಗೆ ಹೆಚ್ಚು ಬೇಕೋ ಆ ದಿಕ್ಕು ಕೂಡುವ ಸಮತಲದೊಳಗೇ ಬರುವಂತೆ ಕೀಲನ್ನು ತಿರುಗಿಸಬೇಕು. ಚೌಕಟ್ಟಿನ ವಿಷಯದಲ್ಲಿ ವೆದರ್‌ಸ್ಟ್ರಿಪ್ ಒತ್ತಡವನ್ನೂ ಗಾಳಿಯ ಸದ್ದನ್ನೂ ನಿರ್ಧರಿಸುವುದು ಒಳಹೊರಗಿನ ದಿಕ್ಕು; ಮೇಲೆ ಕೆಳಗೆ ಅರ್ಧ ಮಿಲಿಮೀಟರು ತಪ್ಪಿದರೆ ಗಾಜಿನ ಅಂಚು ಜಾರುವ ಗ್ಲಾಸ್ ರನ್ ರಬ್ಬರು ಅದನ್ನು ನುಂಗಿಕೊಳ್ಳುತ್ತದೆ. ಕೂಡುವ ಮುಖ ಬಾಗಿಲಿನ ಮುಖಕ್ಕೆ ಸಮಾನಾಂತರವಾಗಿದ್ದರೆ ಮೇಲೆಕೆಳಗೆ ಜಾರಬಹುದು, ಒಳಹೊರಗೆ ಜಾರಲಾಗದು. ಅಂದರೆ ಸ್ವಾತಂತ್ರ್ಯ ಬೇಡದ ಕಡೆ ಸಿಕ್ಕಂತಾಗುತ್ತದೆ. ನಾವು ಹಿಂಬದಿಯ ಕಾಲಿನಲ್ಲಿ ಕೂಡುವ ಮುಖವನ್ನು ಬೀಗದ ಮುಖಕ್ಕೆ ಸಮಾನಾಂತರವಾಗಿ ತಿರುಗಿಸಿದ ಮೇಲೆ ಮೂಲೆಯ ಚದುರುವಿಕೆ ಕಣ್ಣಿಗೆ ಕಾಣುವಷ್ಟು ತಗ್ಗಿತು. ಡೈ ಬದಲಿಸಲಿಲ್ಲ, ಹೊಸ ಯಂತ್ರ ತರಲಿಲ್ಲ. ತಗಡಿನ ಒಂದು ಮಡಿಕೆಯ ದಿಕ್ಕು ಬದಲಾಯಿತು, ಅಷ್ಟೆ.

ಫಿಕ್ಸ್ಚರಿನ ಪಿನ್ನುಗಳು ತಗಡನ್ನು ಹಿಡಿಯುವ ರಂಧ್ರಗಳ ಬಗ್ಗೆ ಚಿಕ್ಕದಾಗಿ ಹೇಳಬಹುದು. ಒಂದು ಸಮತಲಕ್ಕೆ ಮೂರು ಬಿಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಎಂಬ 3-2-1 ನಿಯಮವನ್ನು ಎರಡೂ ವಿನ್ಯಾಸಗಳು ಪಾಲಿಸಿದ್ದವು. ಒಂದು ದುಂಡು ರಂಧ್ರ, ಅದರಿಂದ ಸಾಧ್ಯವಾದಷ್ಟು ದೂರದಲ್ಲಿ ಒಂದು ಉದ್ದ ರಂಧ್ರ, ಇವೆರಡನ್ನೂ ಪ್ರೆಸ್ಸಿನಲ್ಲಿ ಒಂದೇ ಹೊಡೆತಕ್ಕೆ ತೂತಿಟ್ಟು, ವೆಲ್ಡಿಂಗ್, ಹೆಮ್ಮಿಂಗ್, ಅಳತೆ, ತೂಗುಹಾಕುವಿಕೆ ಎಲ್ಲದರಲ್ಲೂ ಅವೇ ರಂಧ್ರಗಳನ್ನು ಬಳಸಬೇಕು. ನಡುವೆ ಒಂದು ಹಂತದಲ್ಲಿ ಬೇರೆ ರಂಧ್ರ ಹಿಡಿದರೂ ಅಲ್ಲಿಗೆ ಹೊಸ ತಪ್ಪೊಂದು ಸೇರಿಕೊಳ್ಳುತ್ತದೆ. ಒಂದೇ ಅಚ್ಚಿನ ಬಾಗಿಲಿಗೆ ಇದು ಸುಲಭ, ಏಕೆಂದರೆ ಹಿಂಜಿನ ಮುಖ, ಬೀಗದ ಮುಖ, ಚೌಕಟ್ಟು ಮೂರೂ ಒಂದೇ ತಗಡಿನಲ್ಲಿವೆ.

ಇನ್ನು ಉಕ್ಕಿನ ಖರ್ಚು. ಇಲ್ಲಿ ಸ್ಯಾಶ್ ನಿರ್ವಿವಾದವಾಗಿ ಗೆಲ್ಲುತ್ತದೆ. ಒಂದೇ ಅಚ್ಚಿನ ಒಳತಗಡಿಗೆ 1500 ಮಿ.ಮೀ. ಉದ್ದ, 1250 ಮಿ.ಮೀ. ಅಗಲದ 0.7 ಮಿ.ಮೀ. ಹಾಳೆ ಬೇಕೆಂದುಕೊಂಡರೆ ಅದರ ತೂಕ ಸುಮಾರು 10.3 ಕೆ.ಜಿ. ಕಿಟಕಿಯ ಜಾಗವನ್ನು 800 ಮತ್ತು 400 ಮಿ.ಮೀ. ಎಂದು ಹಿಡಿದರೆ ಅಲ್ಲೇ ಸುಮಾರು 1.75 ಕೆ.ಜಿ. ಉಕ್ಕು ಕತ್ತರಿಸಿ ಹೋಗುತ್ತದೆ. ವರ್ಷಕ್ಕೆ 1 ಲಕ್ಷ ಕಾರುಗಳಾದರೆ ಎರಡು ಮುಂಬಾಗಿಲುಗಳಿಂದಲೇ 350 ಟನ್. ಈ ತುಂಡಿನಿಂದ ಸಣ್ಣ ಬ್ರ್ಯಾಕೆಟ್ಟುಗಳನ್ನು ಒತ್ತಿಕೊಳ್ಳಬಹುದು, ಆದರೆ ಅದಕ್ಕೂ ಪ್ರತ್ಯೇಕ ಡೈ, ಪ್ರತ್ಯೇಕ ಕೈಕೆಲಸ ಬೇಕು. ಸ್ಯಾಶಿನಲ್ಲಿ ಪಟ್ಟಿಯ ಬಹುಪಾಲು ಉಕ್ಕು ಕಾರಿನಲ್ಲೇ ಉಳಿಯುತ್ತದೆ, ಒಳತಗಡಿನ ಡೈ ಸಣ್ಣದಾಗುತ್ತದೆ, ಸಣ್ಣ ಪ್ರೆಸ್ಸೂ ಸಾಕಾಗುತ್ತದೆ. ಮತ್ತೊಂದು ಕಡೆ, ಒಂದೇ ಅಚ್ಚಿನ ವಿನ್ಯಾಸದಲ್ಲಿ ಹಿಂಜಿನ ಬದಿಗೆ 1.2ರಿಂದ 1.4 ಮಿ.ಮೀ. ದಪ್ಪದ ಹಾಳೆಯನ್ನು ಮೊದಲೇ ಲೇಸರಿನಿಂದ ಬೆಸೆದ, ಇನ್ನೂ ಅಚ್ಚು ಒತ್ತದ ಹಾಳೆ ಬಳಸಿದರೆ, ಆ ದಪ್ಪ ಕನ್ನಡಿ ಕೂರುವ ಮೂಲೆಯವರೆಗೂ ಏರಿ, ಬೇರೆ ಬಲವರ್ಧಕ ತುಂಡುಗಳನ್ನೂ ಅವುಗಳ ಸ್ಪಾಟ್ ವೆಲ್ಡುಗಳನ್ನೂ ಉಳಿಸುತ್ತದೆ. ಹೆಚ್ಚಿನ ಉತ್ಪಾದನೆಯ ಕಾರಿಗೆ ಬಾಡಿ ಶಾಪ್‌ನಲ್ಲಿ ಉಳಿಯುವ ವೆಲ್ಡಿಂಗ್ ಕೇಂದ್ರಗಳು ಉಕ್ಕಿನ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ ಎಂಬುದು ನನ್ನ ಅಭಿಪ್ರಾಯ. ಕಡಿಮೆ ಸಂಖ್ಯೆಯ ವ್ಯಾನು, ಸಣ್ಣ ಟ್ರಕ್ಕುಗಳಿಗೆ ದೊಡ್ಡ ಡೈಗಳ ಬಂಡವಾಳ ಮರಳಿ ಬರುವುದು ಕಷ್ಟ.

ಕುಳಿತು ಹೊರಗೆ ನೋಡುವವರಿಗೂ ಸ್ಯಾಶ್ ಹಿತ. ರೋಲರಿನಲ್ಲಿ ರೂಪುಗೊಂಡ ಮುಚ್ಚಿದ ಅಡ್ಡಕೊಯ್ತ ಸಣ್ಣ ಅಗಲದಲ್ಲೇ ಗಟ್ಟಿತನ ಕೊಡುತ್ತದೆ, ಗ್ಲಾಸ್ ರನ್ ಕೂರುವ ಕಾಲುವೆ ಅದರೊಳಗೇ ಇರುತ್ತದೆ. ಅಚ್ಚು ಒತ್ತಿದ ಚೌಕಟ್ಟು ಅಷ್ಟೇ ಗಟ್ಟಿಯಾಗಬೇಕಾದರೆ ಅಗಲವಾಗಬೇಕು, ಹಾಗಾದಾಗ ಎ-ಪಿಲ್ಲರಿನ (ಮುಂಗಾಜಿನ ಪಕ್ಕದ ಕಂಬದ) ಬಳಿ ಚಾಲಕರ ನೋಟಕ್ಕೆ ಅಡ್ಡವಾಗುತ್ತದೆ. ನಗರದ ತಿರುವುಗಳಲ್ಲಿ ಪಾದಚಾರಿ ಮರೆಯಾಗುವುದು ಆ ಮೂಲೆಯಲ್ಲೇ ಆದ್ದರಿಂದ ಇದನ್ನು ಕೇವಲ ಅಂದದ ಪ್ರಶ್ನೆಯೆಂದು ನಾನು ಎಣಿಸುವುದಿಲ್ಲ.

ಗಾಳಿಯ ವಿಷಯದಲ್ಲಿ ಎರಡಕ್ಕೂ ಒಂದೇ ಚಿಕಿತ್ಸೆ ಬೇಕು. ವೇಗ 80ರಿಂದ 120 ಕಿ.ಮೀ.ಗೆ ಏರಿದಾಗ ಹೊರಕ್ಕೆಳೆಯುವ ಬಲ 2.25 ಪಟ್ಟಾಗುತ್ತದೆ, ಬಾಗಿಲು ಮುಚ್ಚಿದ್ದಾಗ ವೆದರ್‌ಸ್ಟ್ರಿಪ್ ಕೂಡ ಚೌಕಟ್ಟನ್ನು ಹೊರಕ್ಕೇ ತಳ್ಳುತ್ತಿರುತ್ತದೆ. ಆದ್ದರಿಂದ ಚೌಕಟ್ಟನ್ನು ಮೊದಲೇ ಸ್ವಲ್ಪ ಒಳಕ್ಕೆ ವಾಲಿಸಿ ಮಾಡಬೇಕು, ಮುಚ್ಚಿದಾಗ ರಬ್ಬರಿನ ಒತ್ತಡದಿಂದ ಅದು ಸರಿಯಾದ ಜಾಗಕ್ಕೆ ಬರಬೇಕು. ಈ ವಾಲಿಕೆಯನ್ನು ಸ್ಯಾಶಿನಲ್ಲಿ ಫಿಕ್ಸ್ಚರಿನ ಶಿಮ್ (ಸಂದಿಗೆ ಇಡುವ ತೆಳು ತಗಡು) ಬದಲಿಸಿ ಅದೇ ದಿನ ಹೊಂದಿಸಬಹುದು. ಒಂದೇ ಅಚ್ಚಿನದರಲ್ಲಿ ಡೈ ಮುಟ್ಟಬೇಕು, ಹಾಗಾಗಿ ರಬ್ಬರಿನ ಒತ್ತಡದ ಅಂಕಿ ಡೈ ಕೆತ್ತುವ ಮುನ್ನವೇ ಖಚಿತವಾಗಿರಬೇಕು.

ಚೌಕಟ್ಟೇ ಇಲ್ಲದ ಬಾಗಿಲನ್ನು ಈ ಹೋಲಿಕೆಗೆ ಸೇರಿಸಿಲ್ಲ. ಅಲ್ಲಿ ಗಾಜಿನ ಅಂಚೇ ರಬ್ಬರಿಗೆ ಒತ್ತುವುದರಿಂದ ಚೌಕಟ್ಟಿನ ಸಮಸ್ಯೆ ಗಾಜು ಏರಿಳಿಸುವ ಯಂತ್ರಕ್ಕೆ ವರ್ಗವಾಗುತ್ತದೆ. ಬಹುಕಾಲ ಆ ಬಗೆಯನ್ನೇ ನೆಚ್ಚಿಕೊಂಡಿದ್ದ ಜಪಾನಿನ ಸುಬಾರು ಕಂಪನಿ ಕೂಡ 2007ರ ಇಂಪ್ರೆಜಾದಲ್ಲಿ ಚೌಕಟ್ಟಿನ ಬಾಗಿಲಿಗೆ ಬಂತು.

ಒಂದೇ ಕಾರಿನಲ್ಲಿ ಎರಡನ್ನೂ ಬೆರೆಸಬಹುದೇ ಎಂಬ ಪ್ರಶ್ನೆ ಬಂದಾಗ ನಾನು ಮುಂಬಾಗಿಲಿಗೆ ಜಾರುವ ಕೀಲಿನ ಸ್ಯಾಶ್, ಹಿಂಬಾಗಿಲಿಗೆ ಒಂದೇ ಅಚ್ಚು ಎಂದು ಸೂಚಿಸಿದ್ದೆ. ಹಿಂಬಾಗಿಲಿನ ಕಿಟಕಿ ಚಿಕ್ಕದಾದ್ದರಿಂದ ಕತ್ತರಿಸಿ ಹೋಗುವ ಉಕ್ಕು ಕಡಿಮೆ, ಚಾಲಕರ ನೋಟದ ಪ್ರಶ್ನೆಯೂ ಅಷ್ಟಾಗಿ ಏಳುವುದಿಲ್ಲ. ಇದಕ್ಕಿರುವ ನಿಜವಾದ ಅಡ್ಡಿ ಬಿ-ಪಿಲ್ಲರಿನ ಮೇಲೆ ಎರಡು ಚೌಕಟ್ಟುಗಳು ಅಕ್ಕಪಕ್ಕ ನಿಲ್ಲುವ ಜಾಗದಲ್ಲಿದೆ: ಒಂದರ ಅಂಚು ಚೂಪು, ಇನ್ನೊಂದರದು ದುಂಡು, ಬಣ್ಣ ಬಳಿದ ಮೇಲೆ ಬೆಳಕು ಎರಡರ ಮೇಲೂ ಬೇರೆಬೇರೆಯಾಗಿ ಬೀಳುತ್ತದೆ. ಕಪ್ಪು ಟೇಪು ಅಂಟಿಸಿದರೆ ಅಂಚಿನ ವ್ಯತ್ಯಾಸ ಮರೆಯಾಗುತ್ತದೆ, ಆದರೆ ಮುಖಗಳ ಏರುತಗ್ಗು ಮರೆಯಾಗದು. ಆದ್ದರಿಂದ ಬೆರಕೆ ವಿನ್ಯಾಸಕ್ಕೆ ಹೋಗುವವರು ಎರಡೂ ಬಾಗಿಲುಗಳನ್ನು ಬಿಡಿಬಿಡಿಯಾಗಿ ಒಪ್ಪಿಕೊಳ್ಳದೆ, ಒಂದೇ ಚೆಕಿಂಗ್ ಫಿಕ್ಸ್ಚರಿನಲ್ಲಿ ಜೋಡಿಯಾಗಿ ಕೂರಿಸಿ, ಬಿ-ಪಿಲ್ಲರಿನ ಮೇಲ್ತುದಿ, ನಡು ಮತ್ತು ಬೆಲ್ಟ್‌ಲೈನಿನ ಮಟ್ಟದಲ್ಲಿ ಒಂದಕ್ಕೊಂದರ ಏರುತಗ್ಗನ್ನು ಅಳೆದ ಮೇಲೆಯೇ ಡೈಗೆ ಅಂತಿಮ ಒಪ್ಪಿಗೆ ಕೊಡಬೇಕು.